ಹುಟ್ಟು ಹಿಡಿದ ಹೆಣ್ಣುಮಕ್ಕಳು

ಕನ್ನಡದಲ್ಲಿ 'ಹುಟ್ಟು' ಎಂದರೆ ಜನ್ಮವೂ ಹೌದು, ದೋಣಿ ನಡೆಸುವ ಕೋಲೂ ಹೌದು. ಹತ್ತೊಂಬತ್ತನೆಯ ಶತಮಾನದ ಥೇಮ್ಸ್ ನದಿಯಲ್ಲಿ ಈ ಎರಡಕ್ಕೂ ಗಟ್ಟಿ ನಂಟಿತ್ತು. ಸ್ಪರ್ಧೆಯಲ್ಲಿ ಯಾರು ಹುಟ್ಟು ಹಿಡಿಯಬಹುದು ಎಂಬುದನ್ನು ಬಹುಮಟ್ಟಿಗೆ ಹುಟ್ಟೇ ತೀರ್ಮಾನಿಸುತ್ತಿತ್ತು. ಕೈಕಸುಬಿನವರು, ಕೂಲಿಯವರು 'ಹವ್ಯಾಸಿ'ಗಳಲ್ಲ ಎಂದು ನಿಯಮವೇ ಇತ್ತು. ಹೆಂಗಸರಿಗೆ ಉಳಿದದ್ದು ಸಾಮಾನ್ಯವಾಗಿ ದಡದ ಮೇಲಿನ ಜಾಗ.

ಈ ಕಟ್ಟನ್ನು ಸಡಿಲಿಸಿದವರಲ್ಲಿ ಒಬ್ಬರು, ಸಾಹಿತ್ಯಪ್ರಿಯರಾದ ನಮಗೆ ಬೇರೆ ಕಾರಣಕ್ಕೆ ಪರಿಚಿತರು: ಫ್ರೆಡರಿಕ್ ಜೇಮ್ಸ್ ಫರ್ನಿವಲ್ (1825-1910). ಮುಂದೆ ಆಕ್ಸ್‌ಫರ್ಡ್ ನಿಘಂಟು ಎನಿಸಿಕೊಂಡ ಮಹಾಕಾರ್ಯಕ್ಕೆ 1861ರಲ್ಲಿ ಸಂಪಾದಕರಾದವರು; 1864ರಲ್ಲಿ ಹಳೆಯ ಇಂಗ್ಲಿಷ್ ಗ್ರಂಥಗಳ ಪ್ರಕಟಣೆಗೆಂದೇ ಸಂಘ ಕಟ್ಟಿದವರು. ಮಂಗಳೂರಿನಲ್ಲಿ ಕಿಟೆಲ್ ಅವರ ನಿಘಂಟು ಹೊರಬಂದದ್ದು 1894ರಲ್ಲಿ. ಅದಾದ ಎರಡು ವರ್ಷಕ್ಕೆ, 1896ರಲ್ಲಿ, ಎಪ್ಪತ್ತು ದಾಟಿದ ಫರ್ನಿವಲ್ ಪಶ್ಚಿಮ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಹುಡುಗಿಯರಿಗಾಗಿಯೇ ದೋಣಿ ಕ್ಲಬ್ ತೆರೆದರು.

ಸೇರಿದವರು ಸಿರಿವಂತರ ಮನೆಯ ಮಕ್ಕಳಲ್ಲ. ಚಹದಂಗಡಿಯಲ್ಲಿ ತಟ್ಟೆ ಬಟ್ಟಲು ಹೊರುವವರು, ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುವವರು. ಅವರಿಗೆ ಬಿಡುವೆಂದರೆ ಭಾನುವಾರ. ಆ ದಿನ ಅವರು ದೋಣಿಯಲ್ಲಿ ರಿಚ್‌ಮಂಡ್ ಕಡೆಗೆ ಹೊರಡುತ್ತಿದ್ದರು. 1901ರಲ್ಲಿ ಗಂಡಸರಿಗೂ ಪ್ರವೇಶ ಸಿಕ್ಕಿತು. ಆದರೆ ನಾಯಕಿ ಹೆಣ್ಣೇ ಆಗಿರಬೇಕೆಂಬ ಕಟ್ಟಳೆ ಎರಡನೆಯ ಮಹಾಯುದ್ಧ ಮುಗಿಯುವವರೆಗೂ ನಡೆಯಿತು. ಈ ಕಟ್ಟಳೆಯೇ ನಮಗೆ ಮುಖ್ಯವಾಗಿ ತೋರುತ್ತದೆ. ಒಳಗೆ ಬರಲು ಬಿಡುವುದು ಒಂದು, ಚುಕ್ಕಾಣಿ ಕೊಡುವುದು ಇನ್ನೊಂದು.

ದೊಡ್ಡ ಸಂಸ್ಥೆಗಳಿಗೆ ಈ ಪಾಠ ತಲುಪಲು ಬಹಳ ಕಾಲ ಬೇಕಾಯಿತು. ಆಕ್ಸ್‌ಫರ್ಡ್-ಕೇಂಬ್ರಿಡ್ಜ್ ಪುರುಷರ ದೋಣಿ ಪಂದ್ಯ 1829ರಲ್ಲಿ ಶುರುವಾಯಿತು. ಹೆಂಗಸರದು 1927ರಲ್ಲಿ. ಆಗ ಎರಡು ದೋಣಿಗಳು ಅಕ್ಕಪಕ್ಕ ಓಡುವಂತಿರಲಿಲ್ಲ. ವೇಗದ ಜೊತೆಗೆ ಹುಟ್ಟು ಹಾಕುವ ಅಂದಕ್ಕೂ ಅಂಕ! ಪಟ್ನಿಯಿಂದ ಮಾರ್ಟ್‌ಲೇಕ್‌ವರೆಗಿನ ಸುಮಾರು 6.8 ಕಿಲೋಮೀಟರಿನ ಅದೇ ಹಾದಿಯಲ್ಲಿ, ಪುರುಷರ ಪಂದ್ಯ ನಡೆಯುವ ದಿನವೇ ಹೆಂಗಸರೂ ಸ್ಪರ್ಧಿಸಿದ್ದು 2015ರ ಏಪ್ರಿಲ್ 11ರಂದು. ಗೆದ್ದದ್ದು ಆಕ್ಸ್‌ಫರ್ಡ್. ಆ ಹಾದಿ ಹ್ಯಾಮರ್‌ಸ್ಮಿತ್ ಸೇತುವೆಯ ಕೆಳಗೇ ಹಾಯುತ್ತದೆ.

ಕನೂ ಮತ್ತು ಕಯಾಕ್‌ಗಳ ಕಥೆಯೂ ಹೆಚ್ಚು ಬೇರೆಯಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹೆಂಗಸರಿಗೊಂದು ಕಯಾಕ್ ಸ್ಪರ್ಧೆ ಸೇರಿತು. ಹೆನ್ಲಿಯಲ್ಲಿ ನಡೆದ ಆ 500 ಮೀಟರ್ ಸ್ಪರ್ಧೆಯನ್ನು ಡೆನ್ಮಾರ್ಕಿನ ಕರೆನ್ ಹಾಫ್ ಗೆದ್ದರು. 64 ವರ್ಷಗಳ ನಂತರ ಒಲಿಂಪಿಕ್ಸ್ ಲಂಡನ್ನಿಗೆ ಮರಳಿದಾಗಲೂ, ಈ ದೋಣಿಗಳ 16 ಪದಕಸ್ಪರ್ಧೆಗಳಲ್ಲಿ ಹೆಂಗಸರ ಪಾಲು ಐದೇ. ಮಂಡಿಯೂರಿ ಒಂದೇ ಬದಿಯಲಗಿನ ಹುಟ್ಟು ಹಾಕುವ ಕನೂವಿನಲ್ಲಿ ಅವರಿಗೆ ಒಂದೂ ಇರಲಿಲ್ಲ. 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಲೆಕ್ಕ ಎಂಟಕ್ಕೆ ಎಂಟು ಆಯಿತು. ಹೊಸದಾಗಿ ಸೇರಿದ ಹೆಂಗಸರ ಕನೂ ಸ್ಲಾಲಮ್‌ನಲ್ಲಿ ಆಸ್ಟ್ರೇಲಿಯಾದ ಜೆಸಿಕಾ ಫಾಕ್ಸ್ ಚಿನ್ನ, ಬ್ರಿಟನ್ನಿನ ಮ್ಯಾಲರಿ ಫ್ರಾಂಕ್ಲಿನ್ ಬೆಳ್ಳಿ ಗೆದ್ದರು.

2015 ನಮಗೆ ಇನ್ನೊಂದು ಕಾರಣಕ್ಕೂ ನೆನಪಿದೆ. ಅದೇ ನವೆಂಬರ್ 14ರಂದು ಥೇಮ್ಸ್ ದಡದ ಲ್ಯಾಂಬೆತ್‌ನಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಹುಟ್ಟಿನಿಂದ ಮನುಷ್ಯರನ್ನು ಅಳೆಯಬಾರದೆಂದ, ಅಕ್ಕಂದಿರ ಮಾತಿಗೂ ಅನುಭವ ಮಂಟಪದಲ್ಲಿ ಜಾಗವಿತ್ತ ಪರಂಪರೆಯವರು ನಾವು. ಆ ಪ್ರತಿಮೆಗೆ ಕೈಮುಗಿದು ಬರುವ ಮಿತ್ರರು ಬಿಡುವಾದಾಗ ಹ್ಯಾಮರ್‌ಸ್ಮಿತ್ ಕಡೆಗೂ ಹೋಗಿ ಬರಲಿ. ಅಲ್ಲಿ ನದಿಗೆ ಮುಖ ಮಾಡಿರುವ ಉದ್ಯಾನಕ್ಕೆ ಫರ್ನಿವಲ್ ಹೆಸರಿದೆ. ಚಹದಂಗಡಿಯ ಆ ಹುಡುಗಿಯರ ಹೆಸರಿನಲ್ಲಿ ಉದ್ಯಾನವಿಲ್ಲ. ಅವರು ಶುರುಮಾಡಿದ ಕ್ಲಬ್ಬಿನ ದೋಣಿಗಳು ಮಾತ್ರ ಇಂದಿಗೂ ನೀರಿಗಿಳಿಯುತ್ತಿವೆ.