ಐದು ಸೆಂಟಿನ ನಾಣ್ಯದ ಮೇಲಿರುವ ಮನೆ

ಅಮೆರಿಕದ ಐದು ಸೆಂಟಿನ ನಾಣ್ಯ ನೋಡಿದ್ದೀರಾ? ಅಲ್ಲಿ ಅದನ್ನ ನಿಕಲ್ ಅಂತಾರೆ. ಒಂದು ಕಡೆ ಒಬ್ಬ ಮನುಷ್ಯನ ಮುಖ. ತಿರುಗಿಸಿದರೆ, ಗುಮ್ಮಟ ಇರೋ ಒಂದು ಮನೆ. ವಾಷಿಂಗ್ಟನ್‌ನಲ್ಲಿ ಕನ್ನಡಿಗರ ಕಾರ್ಯಕ್ರಮ ಮುಗಿಸಿ ಮಾರನೇ ದಿನ ಬಿಡುವಾಗಿದ್ದೆ. ನನ್ನನ್ನು ಮನೆಯಲ್ಲಿ ಉಳಿಸಿಕೊಂಡಿದ್ದ ಗೆಳೆಯರು ಆ ನಾಣ್ಯವನ್ನ ನನ್ನ ಕೈಗಿಟ್ಟು, "ಈ ಮನೆಗೇ ಹೋಗಿ ಬರೋಣ ಬನ್ನಿ ಸಾರ್, ಎರಡೂವರೆ ಗಂಟೆ ದಾರಿ" ಅಂದರು. ಮುಖ ಥಾಮಸ್ ಜೆಫರ್ಸನ್‌ನದು. ಮನೆಯ ಹೆಸರು ಮಾಂಟಿಚೆಲ್ಲೊ. ಇಟಾಲಿಯನ್ ಭಾಷೆಯಲ್ಲಿ ಹಾಗಂದ್ರೆ ಪುಟ್ಟ ಬೆಟ್ಟ.

ಮೊದಲೇ ಹೇಳಿಬಿಡ್ತೀನಿ, ಈ ಜೆಫರ್ಸನ್ ಸಣ್ಣ ಆಸಾಮಿ ಅಲ್ಲ. 1776ರಲ್ಲಿ, ಬರೀ 33ನೇ ವಯಸ್ಸಿನಲ್ಲಿ, ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದವನು. ಮನುಷ್ಯರೆಲ್ಲ ಹುಟ್ಟಿನಿಂದಲೇ ಸಮಾನರು ಅನ್ನೋ ಮಾತನ್ನ ಒಂದು ದೇಶದ ಬುನಾದಿಗೆ ಹಾಕಿದವನು. 1801ರಿಂದ 1809ರವರೆಗೆ ಆ ದೇಶದ ಮೂರನೇ ಅಧ್ಯಕ್ಷ. ಫ್ರಾನ್ಸ್‌ನಿಂದ ಲೂಯಿಸಿಯಾನ ಖರೀದಿಸಿ ದೇಶವನ್ನ ಹೆಚ್ಚೂಕಡಿಮೆ ದುಪ್ಪಟ್ಟು ಮಾಡಿದ. ಇಷ್ಟೆಲ್ಲದರ ನಡುವೆ ಅವನಿಗೆ ನಿಜವಾದ ಹುಚ್ಚು ಇದ್ದದ್ದು ಎರಡೇ. ಒಂದು ಈ ಮನೆ, ಇನ್ನೊಂದು ಈ ತೋಟ.

ಕಾರನ್ನ ಕೆಳಗೇ ನಿಲ್ಲಿಸಬೇಕು. ಅಲ್ಲಿಂದ ಬಸ್ಸಿನಲ್ಲಿ ಬೆಟ್ಟದ ಮೇಲಕ್ಕೆ. ಬಾಗಿಲು ದಾಟಿದ ಕೂಡಲೇ ನೀವು ನೋಡೋದು ಒಂದು ಗಡಿಯಾರ. ಜೆಫರ್ಸನ್ ತಾನೇ ಯೋಚಿಸಿ ಮಾಡಿಸಿದ್ದು. ಫಿರಂಗಿ ಗುಂಡಿನಂಥ ತೂಕಗಳು ಗೋಡೆಯ ಪಕ್ಕ ದಿನಾ ಒಂದಿಷ್ಟು ಕೆಳಗಿಳಿಯುತ್ತವೆ. ಗುಂಡು ಎಲ್ಲಿದೆ ಅಂತ ನೋಡಿ ಇವತ್ತು ಯಾವ ವಾರ ಅಂತ ತಿಳಿಯಬೇಕು. ತಮಾಷೆ ಏನು ಗೊತ್ತಾ? ಲೆಕ್ಕ ತಪ್ಪಿತ್ತು. ಶನಿವಾರಕ್ಕೆ ಗೋಡೆಯೇ ಸಾಲಲಿಲ್ಲ! ನೆಲಕ್ಕೆ ತೂತು ಕೊರೆಸಿದರು. ಶನಿವಾರ ಇವತ್ತಿಗೂ ನೆಲಮಾಳಿಗೆಯಲ್ಲೇ ಇದೆ.

ಇದೇ ಗಡಿಯಾರಕ್ಕೆ ಹೊರಗೋಡೆಯಲ್ಲಿ ಇನ್ನೊಂದು ಮುಖ ಇದೆ. ಒಳಗಿನ ಮುಖದಲ್ಲಿ ಗಂಟೆ, ನಿಮಿಷ, ಸೆಕೆಂಡು ಎಲ್ಲ ಉಂಟು. ಹೊರಗಿನದಕ್ಕೆ ಗಂಟೆಯ ಮುಳ್ಳು ಒಂದೇ. ಹೊಲದಲ್ಲಿ ದುಡಿಯೋರಿಗೆ ಅಷ್ಟು ಸಾಕು ಅಂತ.

ಯಾರು ಆ ದುಡಿಯೋರು? ಗುಲಾಮರು. ಐದು ಸಾವಿರ ಎಕರೆಯ ಈ ಜಮೀನಿನಲ್ಲಿ ಮೊದಲು ಹೊಗೆಸೊಪ್ಪು, ಆಮೇಲೆ ಗೋಧಿ ಬೆಳೆದವರು. ಗುಡ್ಡದ ಇಳಿಜಾರು ಕಡಿದು ಸಾವಿರ ಅಡಿ ಉದ್ದದ ತರಕಾರಿ ತೋಟಕ್ಕೆ ಮಟ್ಟ ಮಾಡಿದವರು. ತನ್ನ ಜೀವಮಾನದಲ್ಲಿ ಜೆಫರ್ಸನ್ ಆರುನೂರಕ್ಕೂ ಹೆಚ್ಚು ಮನುಷ್ಯರ ಒಡೆಯನಾಗಿದ್ದ. ಎಲ್ಲರೂ ಸಮಾನರು ಅಂತ ಬರೆದ ಅದೇ ಕೈ 'ಫಾರ್ಮ್ ಬುಕ್' ಅನ್ನೋ ಲೆಕ್ಕದ ಪುಸ್ತಕದಲ್ಲಿ ಈ ಜನರ ಹೆಸರು ಬರೆದು, ಯಾರಿಗೆ ಎಷ್ಟು ಮೀನು, ಯಾರಿಗೆ ಕಂಬಳಿ ಅಂತ ಪಟ್ಟಿ ಮಾಡಿದೆ. ಮೊಳೆ ಹೊಡೆಯೋ ಕುಲುಮೆಯಲ್ಲಿ ಹತ್ತರಿಂದ ಹದಿನಾರು ವರ್ಷದ ಹುಡುಗರನ್ನ ಕೂರಿಸಿ, ಯಾವ ಹುಡುಗ ಎಷ್ಟು ಕಬ್ಬಿಣ ಹಾಳು ಮಾಡಿದ ಅಂತಲೂ ಲೆಕ್ಕ ಇಟ್ಟಿದೆ.

ಊಟದ ಕೋಣೆಗೆ ಬನ್ನಿ. ಅಗ್ಗಿಷ್ಟಿಕೆಯ ಪಕ್ಕದಲ್ಲೇ ಗುಟ್ಟಾದ ಪುಟ್ಟ ಲಿಫ್ಟು, ನೆಲಮಾಳಿಗೆಯಿಂದ ವೈನ್ ಬಾಟಲಿ ಮೇಲಕ್ಕೆ ಬರೋಕೆ. ಪಕ್ಕದಲ್ಲಿ ಗಿರ್ರನೆ ತಿರುಗೋ ಬಾಗಿಲು, ಅದರ ಬೆನ್ನಿಗೆ ಕಪಾಟು. ಆಚೆ ನಿಂತವರು ತಟ್ಟೆ ಜೋಡಿಸಿ ತಿರುಗಿಸಿದರೆ ಊಟ ಈಚೆಗೆ. ಅತಿಥಿಗಳು ಎಲ್ಲರೂ 'ಎಂಥಾ ತಲೆ!' ಅಂದಿರಬೇಕು. ನಾನೂ ಅಂದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಹೊಳೀತು. ಊಟ ಕಾಣುತ್ತೆ, ಬಡಿಸೋ ಕೈ ಕಾಣಲ್ಲ.

ಆ ಕೈ ಯಾರದ್ದು ಅಂತ ತಿಳಿಯಬೇಕಾದ್ರೆ ಕೆಳಗಿನ ಅಡುಗೆಮನೆಗೆ ಇಳಿಯಬೇಕು. ಎಡಿತ್ ಅನ್ನೋ ಹೆಣ್ಣುಮಗಳು. ಹದಿನೈದರ ಆಸುಪಾಸಿನಲ್ಲಿ ಅವಳನ್ನ ವಾಷಿಂಗ್ಟನ್ನಿನ ಅಧ್ಯಕ್ಷರ ನಿವಾಸಕ್ಕೆ ಕರೆದೊಯ್ದು, ಫ್ರೆಂಚ್ ಬಾಣಸಿಗನ ಕೈಕೆಳಗೆ ಅಡುಗೆ ಕಲಿಸಿದರು. ಗಂಡ ಜೋಸೆಫ್ ಫಾಸೆಟ್ ಈ ಬೆಟ್ಟದ ಮೇಲೇ ಉಳಿದ. ಹುಡುಗನಾಗಿದ್ದಾಗ ಆ ಕುಲುಮೆಯಲ್ಲಿ ಮೊಳೆ ಹೊಡೆದು ಬೆಳೆದ ಕಮ್ಮಾರ ಅವನು. 1806ರಲ್ಲಿ ಒಂದು ದಿನ ಆಸಾಮಿ ನಾಪತ್ತೆ. ಎಲ್ಲಿಗೆ ಓಡಿದ? ಸ್ವಾತಂತ್ರ್ಯ ಹುಡುಕಿಕೊಂಡು ಉತ್ತರದ ರಾಜ್ಯಗಳಿಗಾ? ಅಲ್ಲ ಸ್ವಾಮಿ. ನೂರು ಮೈಲಿಗೂ ಹೆಚ್ಚು ದೂರದ ವಾಷಿಂಗ್ಟನ್‌ಗೆ, ಹೆಂಡತಿಯನ್ನ ನೋಡೋಕೆ. ದೇಶದ ಅಧ್ಯಕ್ಷ ಆಳು ಕಳಿಸಿ ಹಿಡಿಸಿದ. ಹಿಡಿದು ಜೈಲಿಗೆ ಹಾಕಿ, ವಾಪಸ್ ಬೆಟ್ಟಕ್ಕೆ ತಂದರು. ಎಡಿತ್ ಬಂದದ್ದು 1809ರಲ್ಲಿ, ಜೆಫರ್ಸನ್ ಅಧಿಕಾರ ಬಿಟ್ಟು ಊರಿಗೆ ಮರಳಿದಾಗ. ಆಮೇಲೆ ಹದಿನೇಳು ವರ್ಷ ಮೇಲಿನ ಮೇಜಿಗೆ ಹೋದ ಊಟಕ್ಕೆ ಮುಖ್ಯ ಅಡುಗೆಯವಳು ಅವಳೇ.

ಸ್ಯಾಲಿ ಹೆಮಿಂಗ್ಸ್ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. ಜೆಫರ್ಸನ್‌ನ ತೀರಿಹೋದ ಹೆಂಡತಿಗೆ ಮಲತಂಗಿ, ಅವನಿಗೆ ಗುಲಾಮಳು. ಅವಳ ಮಕ್ಕಳ ತಂದೆ ಇವನೇ ಅಂತ ಅವನು ಅಧ್ಯಕ್ಷನಾಗಿದ್ದಾಗಲೇ ಪತ್ರಿಕೆಯಲ್ಲಿ ಬಂದಿತ್ತು. 1998ರ ಡಿಎನ್‌ಎ ಪರೀಕ್ಷೆಯ ನಂತರ, ಈ ಮನೆಯನ್ನ ನೋಡಿಕೊಳ್ಳೋ ಪ್ರತಿಷ್ಠಾನವೇ ಅದನ್ನ ಒಪ್ಪಿಕೊಂಡಿತು. 2018ರಿಂದ ಅವಳಿಗೂ ಇಲ್ಲಿ ಒಂದು ಕೋಣೆ ಇದೆ. ಅವಳ ಚಿತ್ರ ಒಂದೂ ಉಳಿದಿಲ್ಲ.

ಇನ್ನು ಸಾಲ. ಈ ಮನುಷ್ಯ ಜೀವನಪೂರ್ತಿ ಸಾಲದಲ್ಲೇ ಇದ್ದ. ಮಾವನಿಂದ ಬಂದ ಸಾಲ, ಗೆಳೆಯನಿಗೆ ಜಾಮೀನು ನಿಂತು ಕುತ್ತಿಗೆಗೆ ಬಿದ್ದ ಸಾಲ, ಮನೆ ಕಟ್ಟಿ ಕೆಡವಿ ಮತ್ತೆ ಕಟ್ಟಿದ ಸಾಲ. 1815ರಲ್ಲಿ ತನ್ನ ಆರೂವರೆ ಸಾವಿರದಷ್ಟು ಪುಸ್ತಕಗಳನ್ನ ದೇಶದ ಲೈಬ್ರರಿಗೆ ಮಾರಿದ. ದುಡ್ಡು ಬಂತಲ್ಲ, ಮತ್ತೆ ಪುಸ್ತಕ ಕೊಳ್ಳೋಕೆ ಶುರು ಮಾಡಿದ! 1826ರ ಜುಲೈ 4ರಂದು ಸತ್ತ. ಅವತ್ತಿಗೆ ಆ ಘೋಷಣೆಗೆ ಸರಿಯಾಗಿ ಐವತ್ತು ವರ್ಷ. ಸಾಲ ಒಂದು ಲಕ್ಷ ಡಾಲರ್ ದಾಟಿತ್ತು.

ಉಯಿಲಿನಲ್ಲಿ ಐದು ಜನರಿಗೆ ಬಿಡುಗಡೆ ಬರೆದಿದ್ದ. ಅವರಲ್ಲಿ ಕಮ್ಮಾರ ಜೋಸೆಫ್ ಕೂಡ ಒಬ್ಬ. ಆದರೆ ಅವನ ಹೆಂಡತಿಯ ಹೆಸರಿಲ್ಲ, ಮಕ್ಕಳ ಹೆಸರಿಲ್ಲ. 1827ರ ಜನವರಿಯಲ್ಲಿ ಇದೇ ಬೆಟ್ಟದ ಮೇಲೆ ಹರಾಜು ನಡೀತು. ಮೇಜು, ಕುರ್ಚಿ, ದನ, ಕುದುರೆ, ಅವುಗಳ ಜೊತೆ 130 ಮನುಷ್ಯರು. ಇನ್ನು ಕೆಲವೇ ತಿಂಗಳಲ್ಲಿ ತಾನು ಸ್ವತಂತ್ರ ಅಂತ ಗೊತ್ತಿದ್ದ ಅಪ್ಪನ ಮಕ್ಕಳು ಬೇರೆ ಬೇರೆಯವರ ಪಾಲಾದರು. ಹನ್ನೊಂದು ವರ್ಷದ ಪೀಟರ್ ಅವರಲ್ಲಿ ಒಬ್ಬ. ಎಡಿತ್ ಮತ್ತು ಚಿಕ್ಕ ಮಕ್ಕಳನ್ನ ನೆಂಟರ ನೆರವಿನಿಂದ ಬಿಡಿಸಿಕೊಂಡರು. ಪೀಟರ್‌ನನ್ನ ಬಿಡಿಸಿಕೊಳ್ಳೋಕೆ ಆಗಲಿಲ್ಲ. ಅಪ್ಪ ದುಡ್ಡು ಹೊಂದಿಸಿ ತಂದರೆ ಬಿಡ್ತೀನಿ ಅಂದಿದ್ದ ಖರೀದಿದಾರ, ಆಮೇಲೆ ಮಾತು ತಪ್ಪಿದ.

ನಮ್ಮ ಗುಂಪಿನಲ್ಲಿದ್ದ ಒಬ್ಬರು ಗೈಡ್‌ಗೆ ಕೇಳಿಯೇಬಿಟ್ಟರು: "ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರಲ್ವಾ?" ಆಕೆ ಸಿಟ್ಟಾಗಲಿಲ್ಲ. ಗುಲಾಮಗಿರಿ ತಪ್ಪು ಅಂತ ಜೆಫರ್ಸನ್ನೇ ಮತ್ತೆ ಮತ್ತೆ ಬರೆದಿದ್ದಾನೆ ಅಂತಷ್ಟೇ ಹೇಳಿ ಮುಂದಿನ ಕೋಣೆಗೆ ನಡೆದರು. ನನಗೆ ಆ ಉತ್ತರ ಸಾಕಾಯ್ತು. ಗೊತ್ತಿಲ್ಲದೆ ಮಾಡಿದವನಲ್ಲ. ಗೊತ್ತಿತ್ತು, ಆದರೆ ಊಟ ತಿರುಗುಬಾಗಿಲಿನಿಂದ ಬರ್ತಾ ಇತ್ತು. ಹಾಗಂತ ಅವನು ಬರೆದ ಸಾಲನ್ನ ಸುಳ್ಳು ಅಂತ ಎಸೆಯೋಕೂ ನನಗೆ ಮನಸ್ಸಿಲ್ಲ. ಮುಂದೆ ಗುಲಾಮಗಿರಿ ವಿರುದ್ಧ ನಿಂತವರು ಅದೇ ಸಾಲನ್ನ ಹಿಡಿದು ನ್ಯಾಯ ಕೇಳಿದರು.

ಈ ಮನೆ ಉಳಿದದ್ದೂ ಅವನ ಇನ್ನೊಂದು ಬರಹದಿಂದ. ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ ಅವನದು. ಆ ವಿಚಾರವನ್ನ ಮೆಚ್ಚಿದ್ದ ಯೂರಿಯಾ ಲೆವಿ ಅನ್ನೋ ಯಹೂದಿ ನೌಕಾಧಿಕಾರಿ 1834ರಲ್ಲಿ, ಪಾಳು ಬೀಳ್ತಿದ್ದ ಈ ಮನೆ ಕೊಂಡು ರಿಪೇರಿ ಮಾಡಿಸಿದ. 1923ರಲ್ಲಿ ಪ್ರತಿಷ್ಠಾನದ ಕೈಗೆ ಬಂತು. 1993ರಿಂದ ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳನ್ನ ಹುಡುಕಿ ಅವರ ಬಾಯಿಂದ ಕಥೆ ಕೇಳಿ ದಾಖಲಿಸ್ತಾ ಇದ್ದಾರೆ. ಅಡುಗೆಮನೆಯಲ್ಲಿ ನಾನು ಕೇಳಿದ ಕಥೆ ಆ ಕೆಲಸದಿಂದ ತುಂಬಿಕೊಂಡದ್ದು.

ಇಳಿಯುವ ದಾರಿಯಲ್ಲಿ ಜೆಫರ್ಸನ್ ಸಮಾಧಿ. ಕಲ್ಲಿನ ಮೇಲೆ ಏನಿರಬೇಕು ಅಂತ ಅವನೇ ಬರೆದಿಟ್ಟಿದ್ದ. ಸ್ವಾತಂತ್ರ್ಯ ಘೋಷಣೆ, ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ, ವರ್ಜೀನಿಯಾ ವಿಶ್ವವಿದ್ಯಾಲಯ. ಇಷ್ಟೇ. ಅಧ್ಯಕ್ಷನಾಗಿದ್ದೆ ಅನ್ನೋ ಮಾತೇ ಇಲ್ಲ. ಗೆಳೆಯರು ಫೋಟೋ ತೆಗೀತಾ ಇದ್ದರು. ನನ್ನ ತಲೆಯಲ್ಲಿ ಆ ಹನ್ನೊಂದು ವರ್ಷದ ಹುಡುಗ.

ಪೀಟರ್ ಎರಡು ಸಲ ಓಡಿಹೋದ. ಎರಡೂ ಸಲ ಸಿಕ್ಕಿಬಿದ್ದ. ಕೊನೆಗೆ ಬಂಧುಗಳು ದುಡ್ಡು ಕೂಡಿಸಿ ಬಿಡಿಸಿದಾಗ 1850. ಒಹಾಯೋದ ಸಿನ್ಸಿನಾಟಿಗೆ ಹೋಗಿ ಹೆತ್ತವರ ಬಳಿ ಸೇರಿಕೊಂಡ. ಅಮ್ಮನ ಕೈಗುಣ ಬಂದಿತ್ತೋ ಏನೋ, ಅಲ್ಲಿ ಹೆಸರಾಂತ ಕೇಟರರ್ ಆದ. ಜೊತೆಗೆ ಚರ್ಚಿನ ಪಾದ್ರಿಯೂ ಆದ. 1900ರಲ್ಲಿ, ಎಂಬತ್ತೈದರ ಹತ್ತಿರ ಹತ್ತಿರ, ಚರ್ಚಿನ ಜನ ಕೈಯಿಂದ ದುಡ್ಡು ಹಾಕಿ ಪೀಟರ್ ಫಾಸೆಟ್ ಅವರನ್ನ ಈ ಬೆಟ್ಟಕ್ಕೆ ಕಳಿಸಿಕೊಟ್ಟರು. ತಾನು ಹುಟ್ಟಿದ, ತನ್ನನ್ನ ಮಾರಿದ ಮನೆಯನ್ನ ಅವರು ಇನ್ನೊಮ್ಮೆ ನೋಡಿದರು. ಮರುವರ್ಷ ತೀರಿಕೊಂಡರು.