ಎರಡು ರಾಜಧಾನಿಗಳ ರವೀಂದ್ರ ಮಂದಿರಗಳೂ ನಮ್ಮ ಮೂರು ತಾಲೂಕುಗಳೂ

ರಾಜ್ಯ ಪುನರ್ವಿಂಗಡಣೆಯ ಶಾಸನವು 1956ನೆಯ ಇಸವಿಯ ನವೆಂಬರ್ 1ರಂದು ಜಾರಿಗೆ ಬಂದಾಗ, ಅಲ್ಲಿಯವರೆಗೆ ಬೀದರ ಜಿಲ್ಲೆಯ ಅಂಗಗಳಾಗಿದ್ದ ಜಹೀರಾಬಾದು, ನಾರಾಯಣಖೇಡ ತಾಲೂಕುಗಳೂ, ಕಲಬುರಗಿ ಜಿಲ್ಲೆಯ ಅಂಗವಾಗಿದ್ದ ತಾಂಡೂರು ತಾಲೂಕೂ ಮಾತೃಜಿಲ್ಲೆಗಳಿಂದ ಬೇರ್ಪಟ್ಟು ಆಂಧ್ರಪ್ರದೇಶವನ್ನು ಸೇರಿದುವು. ಜಹೀರಾಬಾದು ತಾಲೂಕಿನಲ್ಲಿಯೂ ನಿರ್ಣಾ ಸರ್ಕಲೊಂದನ್ನು ಮಾತ್ರ ಮೈಸೂರು ರಾಜ್ಯಕ್ಕೆ ಉಳಿಸಿದರು. ಬೀದರ ತಾಲೂಕಿನ ನ್ಯಾಲಕಲ್ ಸರ್ಕಲನ್ನು ಆಂಧ್ರಪ್ರದೇಶದ ಕಡೆಗೆ ಕೊಟ್ಟರು. ಗೆರೆ ಎಳೆದವರು ಸರ್ಕಲ್ ಸರ್ಕಲಿನ ಲೆಕ್ಕವನ್ನು ನೋಡಿಯೇ ಎಳೆದರೆಂಬುದಕ್ಕೆ ಇಷ್ಟು ಸಾಕು. ಆ ಲೆಕ್ಕ ಸರಿಯಾಗಿತ್ತೋ ಇಲ್ಲವೋ ಎಂಬ ಜಿಜ್ಞಾಸೆಯನ್ನು ಬಲ್ಲವರಿಗೆ ಬಿಟ್ಟು, ಅದರಿಂದ ಉಂಟಾದ ಒಂದು ವಿಚಿತ್ರ ಸನ್ನಿವೇಶವನ್ನಷ್ಟೇ ಇಲ್ಲಿ ನಿರೂಪಿಸಲು ಹೊರಟಿದ್ದೇನೆ. ಈ ಮೂರು ತಾಲೂಕುಗಳ ಕನ್ನಡಿಗರಾದ ನಮ್ಮ ಆಡಳಿತದ ರಾಜಧಾನಿ ಹೈದರಾಬಾದು. ನಮ್ಮ ಮನೆಮಾತಿನ ರಾಜಧಾನಿ ಬೆಂಗಳೂರು. ಗಡಿಯ ಗೆರೆಯ ಶಾಯಿ ಒಣಗಿದ ಕೆಲವೇ ವರ್ಷಗಳಲ್ಲಿ ಈ ಎರಡು ನಗರಗಳೂ, ಎರಡರ ಭಾಷೆಗೂ ಸೇರದ ಒಬ್ಬನೇ ಕವಿಯ ಹೆಸರಿನಲ್ಲಿ, ಒಂದೊಂದು ಮಹಾರಂಗಮಂದಿರವನ್ನು ಕಟ್ಟಿದುವು.

ರವೀಂದ್ರನಾಥ ಠಾಕೂರರು ಜನಿಸಿದ್ದು 1861ರ ಮೇ ತಿಂಗಳಲ್ಲಿ. ಅವರ ಜನ್ಮಶತಮಾನೋತ್ಸವ ಸಮೀಪಿಸಿದಾಗ, ವಿಗ್ರಹಗಳನ್ನು ನಿಲ್ಲಿಸುವುದಕ್ಕಿಂತ ರಾಜ್ಯಗಳ ರಾಜಧಾನಿಗಳಲ್ಲಿ ನಾಟ್ಯ, ಸಂಗೀತ, ನೃತ್ಯಗಳಿಗೆ ಒಂದೊಂದು ನೆಲೆಯನ್ನು ಕಲ್ಪಿಸುವುದೇ ಆ ಬಹುಮುಖ ಪ್ರತಿಭೆಗೆ ಸಲ್ಲತಕ್ಕ ಗೌರವವೆಂದು ಅಂದಿನ ಕೇಂದ್ರ ಸರ್ಕಾರವು ಭಾವಿಸಿತು. ಸಂಸ್ಕೃತಿಯ ಖಾತೆ ಆಗ ಹುಮಾಯೂನ್ ಕಬೀರರ ಕೈಯಲ್ಲಿದ್ದುದೂ, ಅವರು ಸ್ವತಃ ವಂಗಸಾಹಿತ್ಯದ ಮರ್ಮಜ್ಞರಾಗಿದ್ದುದೂ ಈ ಕಾರ್ಯಕ್ಕೆ ಅನುಕೂಲವಾಯಿತು. ದಿಲ್ಲಿಯಲ್ಲಿ ಮೂರು ರಾಷ್ಟ್ರೀಯ ಅಕಾಡೆಮಿಗಳನ್ನೂ ಒಂದೇ ಆವರಣಕ್ಕೆ ತಂದ, ಹಬೀಬ್ ರೆಹಮಾನರು ರಚಿಸಿದ ರವೀಂದ್ರ ಭವನವೂ, ಚಂಡೀಗಢ, ಕಲ್ಕತ್ತೆ, ಮುಂಬಯಿ, ಲಖನೌ, ಭೋಪಾಲ, ಅಹಮದಾಬಾದು, ತಿರುವನಂತಪುರಗಳಲ್ಲಿ ಅದೇ ಕವಿಯ ಹೆಸರನ್ನು ಹೊತ್ತ ಮಂದಿರಗಳೂ ಈ ಒಂದೇ ಸಂಕಲ್ಪದ ಫಲಗಳು. ಒಬ್ಬ ಕವಿಯ ಹೆಸರಿನಲ್ಲಿ ಒಂದು ದೇಶವು ಇಷ್ಟು ನಾಟಕಶಾಲೆಗಳನ್ನು ಕಟ್ಟಿಸಿದ ಉದಾಹರಣೆ ಬೇರೆಡೆ ಬಹಳ ಇರಲಾರದು.

ಕವಿ ವಂಗದವನಾದರೂ ಈ ಎರಡು ನಾಡುಗಳಿಗೆ ಅಪರಿಚಿತನಾಗಿರಲಿಲ್ಲ. ತಾರುಣ್ಯದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ತಂಗಿದ್ದಾಗ ಆತ ‘ಪ್ರಕೃತಿರ್ ಪ್ರತಿಶೋಧ’ವೆಂಬ ನಾಟಕವನ್ನು ಬರೆದನು, ನಾಟಕಕಾರನಾದ ಠಾಕೂರನಿಗೆ ಕನ್ನಡದ ಕಡಲತೀರವೂ ಒಂದು ತೊಟ್ಟಿಲೆಂದು ನಾವು ಹೆಮ್ಮೆಪಟ್ಟುಕೊಂಡರೆ ಅದು ಅತಿಶಯೋಕ್ತಿಯಾಗದು. ಹೈದರಾಬಾದಿಗೆ ಆತ ಬಂದದ್ದು 1933ರಲ್ಲಿ, ವೃದ್ಧಾಪ್ಯದಲ್ಲಿ. ಬಂಜಾರಾ ಬೆಟ್ಟದ ಬಂಡೆಗಳ ನಡುವಣ ಮೆಹದೀ ನವಾಜ್ ಜಂಗರ ಮನೆಯ ಆತಿಥ್ಯವನ್ನು ಆತ ಕವಿತೆಯಲ್ಲಿ ಸ್ಮರಿಸಿದ್ದಾನೆ.

ಹೈದರಾಬಾದಿನಲ್ಲಿ ಸರ್ವರಿಗೂ ತೆರೆದ ಒಂದು ರಂಗಮಂದಿರವೆಂಬುದು ಎಷ್ಟು ದೊಡ್ಡ ಸಂಗತಿಯೆಂಬುದು ತಿಳಿಯಬೇಕಾದರೆ ಅದರ ಹಿಂದಣ ಮೂರು ದಶಕಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಿಜಾಮ ಸಂಸ್ಥಾನದಲ್ಲಿ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯೊಂದಿತ್ತು. ಸಾರ್ವಜನಿಕ ಸಭೆಯನ್ನು ಸೇರಿಸಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕೆಂಬುದು ಅದರ ತಾತ್ಪರ್ಯ. ಹತ್ತು ಜನ ಸೇರಿ ಪುರಾಣ ಕೇಳಿದರೆ ಬಾಧಕವಿಲ್ಲ, ಹತ್ತು ಜನ ಸೇರಿ ಮಾತನಾಡಿದರೆ ಸಂಶಯ ಎಂಬ ಕಾಲ ಅದು. ಆದುದರಿಂದಲೇ ಈ ಸೀಮೆಯಲ್ಲಿ ಕನ್ನಡದ ಕೆಲಸವು ಮಠದ ಜಗುಲಿಯಲ್ಲಿ, ಭಜನೆಯ ಮನೆಯಲ್ಲಿ, ಜಾತ್ರೆಯ ಬಯಲಿನಲ್ಲಿ ಮರೆಮರೆಯಾಗಿ ನಡೆಯಿತು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರೆಂಬ ವೃತ್ತಾಂತವನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ಹೇಳುತ್ತಾರೆ. ಹೈದರಾಬಾದು ನಗರದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಡಿ. ಕೆ. ಭೀಮಸೇನರಾಯರು, ಮಾನ್ವಿ ನರಸಿಂಗರಾಯರು ಮೊದಲಾದವರ ಪರಿಶ್ರಮದಿಂದ ಕನ್ನಡದ ದೀಪ ಆರದೆ ಉಳಿಯಿತು. ಕಾಚೀಗೂಡದ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗನ ಹೆಸರಿನ ಶಾಲೆಯೂ ಅಲ್ಲಿಯ ಕನ್ನಡಿಗರು ತಮ್ಮದೆಂದು ಹೇಳಿಕೊಳ್ಳಬಹುದಾದ ಠಾವುಗಳಾದುವು. ಶಾಲೆಗೆ ಆ ಹೆಸರನ್ನಿಟ್ಟವರು ಭೂಗೋಳವನ್ನೂ ಬಲ್ಲವರೇ ಇರಬೇಕು: ತಾಂಡೂರಿನ ಪಕ್ಕದಲ್ಲಿ ಹರಿಯುವ ಕಾಗಿಣಾ ನದಿಯೇ ಮುಂದೆ ಹೋಗಿ ನೃಪತುಂಗನ ಮಾನ್ಯಖೇಟವಾದ ಮಳಖೇಡದ ಕೋಟೆಯ ಬುಡವನ್ನು ತೊಳೆಯುತ್ತದೆ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ಹನ್ನೆರಡು ವರ್ಷಗಳ ತರುವಾಯ, 1960ರಲ್ಲಿ, ಸೈಫಾಬಾದಿನಲ್ಲಿ ರವೀಂದ್ರ ಭಾರತಿಗೆ ಅಡಿಗಲ್ಲು ಬಿದ್ದಿತು. ದಾಮೋದರಂ ಸಂಜೀವಯ್ಯನವರು ಆಗ ಮುಖ್ಯಮಂತ್ರಿಗಳು. ನಗರದ ಹೆಸರಾಂತ ವಾಸ್ತುಶಿಲ್ಪಿ ಮಹಮ್ಮದ್ ಫಯಾಜುದ್ದೀನರು ನಕ್ಷೆಯನ್ನು ರಚಿಸಿದರು. ಶತಮಾನೋತ್ಸವದ ತಿಂಗಳಾದ 1961ರ ಮೇ ತಿಂಗಳಿನಲ್ಲಿಯೇ ಉಪರಾಷ್ಟ್ರಪತಿ ರಾಧಾಕೃಷ್ಣನ್ನರು ಅದನ್ನು ಉದ್ಘಾಟಿಸಿದರು. ಸರ್ಕಾರಿ ಕಟ್ಟಡವೊಂದು ಉದ್ದೇಶಿಸಿದ ಮುಹೂರ್ತಕ್ಕೇ ಸಿದ್ಧವಾಯಿತೆಂಬುದನ್ನು ಇಂದಿನ ಓದುಗರು ಸುಲಭವಾಗಿ ನಂಬಲಿಕ್ಕಿಲ್ಲ.

ಸ್ಥಳವನ್ನು ಆರಿಸಿದುದರಲ್ಲಿಯೂ ವಿವೇಕವಿತ್ತು. ತಾಂಡೂರಿನಿಂದ ರೈಲು ಹತ್ತಿದವನು ನಾಂಪಲ್ಲಿಯಲ್ಲಿ ಇಳಿದು, ಸಾರ್ವಜನಿಕ ಉದ್ಯಾನದ ಬದಿಯಿಂದ, ವಿಧಾನಸಭೆಯ ಬಿಳಿಯ ಗುಮ್ಮಟಗಳನ್ನು ನೋಡುತ್ತ ಕಾಲ್ನಡಿಗೆಯಲ್ಲಿಯೇ ಅಲ್ಲಿಗೆ ತಲುಪಬಲ್ಲನು. ಜಹೀರಾಬಾದಿನವನಿಗೆ ಮುಂಬಯಿ ಹೆದ್ದಾರಿಯ ಬಸ್ಸುಂಟು. ಲಕಡೀ ಕಾ ಪೂಲಿನಲ್ಲಿ ಇಳಿದರೆ ಮಂದಿರವು ಕೂಗಳತೆಯ ದೂರ. ನಾರಾಯಣಖೇಡದವನ ದಾರಿ ಮಾತ್ರ ಕೊಂಚ ಸುತ್ತು. ಒಟ್ಟಿನಲ್ಲಿ ಸುಮಾರು ಆರುನೂರು ಕಿಲೋಮೀಟರು ದೂರದ ಬೆಂಗಳೂರಿಗಿಂತ, ನೂರರ ಆಸುಪಾಸಿನ ಈ ಮಂದಿರವೇ ನಮಗೆ ಸಮೀಪದ್ದು. ನಮ್ಮಲ್ಲಿ ಅನೇಕರು ಜೀವನದಲ್ಲಿ ಮೊದಲ ಬಾರಿಗೆ ವಿದ್ಯುದ್ದೀಪದ ಚಮತ್ಕಾರವುಳ್ಳ, ಪರದೆ ತಾನೇ ಸರಿಯುವ ರಂಗಸ್ಥಳವನ್ನು ಕಂಡದ್ದು ಅಲ್ಲಿಯೇ. ಒಳಗೆ ಸುಮಾರು ಸಾವಿರ ಮಂದಿ ಕುಳಿತುಕೊಳ್ಳಬಹುದಾದ ಸಭಾಂಗಣ, ಆವರಣದಲ್ಲಿ ಗಾಯಕ ಘಂಟಸಾಲರ ಪ್ರತಿಮೆ, ಚಿತ್ರಪ್ರದರ್ಶನಕ್ಕೆ ಕಲಾಭವನ, ಕರೀಂನಗರದಿಂದ ಹೊರಟು ಹಿಂದಿ ಚಲಚ್ಚಿತ್ರದಲ್ಲಿ ಮೆರೆದ ಪೈಡಿ ಜೈರಾಜರ ಹೆಸರಿನ ಸಣ್ಣದೊಂದು ಚಿತ್ರಮಂದಿರ. ಕೂಚಿಪೂಡಿ, ಪದ್ಯನಾಟಕ, ಉಗಾದಿಯ ಕವಿಸಮ್ಮೇಳನ, ಉರ್ದು ಮುಷಾಯರಾ, ಕರ್ನಾಟಕ ಹಾಗೂ ಹಿಂದುಸ್ತಾನೀ ಸಂಗೀತ ಇವೆಲ್ಲವೂ ಒಂದೇ ಸೂರಿನ ಕೆಳಗೆ ಸರದಿಯಂತೆ ನಡೆಯುವುದನ್ನು ಕಂಡಾಗ, ಬಹುಭಾಷೆಯ ಹಳೆಯ ಹೈದರಾಬಾದಿನ ಲಕ್ಷಣವು ಇಲ್ಲಿಯಾದರೂ ಉಳಿದಿದೆಯೆಂದು ಸಂತೋಷವಾಗುತ್ತದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು, ನಾರಾಯಣಖೇಡದ ಕಡೆ ಮರಾಠಿಯೂ ಕೂಡಿ ಬಾಳಿದ ನಮ್ಮ ಜನಕ್ಕೆ ಅಲ್ಲಿ ಅರ್ಥವಾಗದ ಕಾರ್ಯಕ್ರಮವೇ ವಿರಳ. ಆದರೆ ಅರ್ಥವಾಗುವುದು ಬೇರೆ, ತನ್ನದೆನಿಸುವುದು ಬೇರೆ.

ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರವು ಮುಗಿದದ್ದು ಎರಡು ವರ್ಷ ತಡವಾಗಿ, 1963ರಲ್ಲಿ. ನಾಡಿನ ಹೆಸರು ಆಗಿನ್ನೂ ಮೈಸೂರು ರಾಜ್ಯ. ಪುರಭವನದ ಸನಿಹದಲ್ಲಿ, ಜೆ. ಸಿ. ರಸ್ತೆಯ ಗದ್ದಲದ ಮಗ್ಗುಲಲ್ಲಿ ನಿಂತ ಆ ಕಟ್ಟಡದ ಒಳರಂಗವೂ ಹೈದರಾಬಾದಿನ ರಂಗದಂತೆಯೇ ಚೌಕಟ್ಟಿನ ರಂಗ: ಮುಂದೆ ಪರದೆ, ಪಕ್ಕಗಳಲ್ಲಿ ಮರೆ, ಹಿಂದೆ ಬಣ್ಣದ ಕೋಣೆ, ಎದುರಿಗೆ ಕತ್ತಲಲ್ಲಿ ಮೌನವಾಗಿ ಕುಳಿತ ಸಭಿಕರು. ಕಲಾಕ್ಷೇತ್ರದ ಯಥಾರ್ಥವಾದ ಚರಿತ್ರೆ ಆರಂಭವಾದದ್ದು ಈ ಒಳರಂಗದಲ್ಲಲ್ಲ, ಅದರ ಬೆನ್ನಿಗಿದ್ದ ಬಯಲಿನಲ್ಲಿ ಎಂಬುದು ನನ್ನ ಅಭಿಪ್ರಾಯ. 1972ರಲ್ಲಿ ಬಿ. ವಿ. ಕಾರಂತರು ಆ ಬಯಲಿನಲ್ಲಿ ಮೂರು ನಾಟಕಗಳನ್ನು ಆಡಿಸಿದರು: ಲಂಕೇಶರು ಕನ್ನಡಕ್ಕೆ ತಂದ ‘ಈಡಿಪಸ್’, ಅವರದೇ ‘ಸಂಕ್ರಾಂತಿ’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’. ಲಕ್ಷಗಟ್ಟಲೆ ವೆಚ್ಚದ ಸಭಾಂಗಣವನ್ನು ಬೆನ್ನಿಗೆ ಹಾಕಿಕೊಂಡು ಆಕಾಶದ ಕೆಳಗೆ ಆಡಿದ ಆ ನಾಟಕಗಳಿಂದ ಕನ್ನಡ ರಂಗಭೂಮಿಗೆ ಹೊಸ ಯುಗವೊಂದು ಬಂದಿತೆಂದು ರಂಗಚರಿತ್ರೆಯನ್ನು ಬಲ್ಲವರೆಲ್ಲ ಒಪ್ಪುತ್ತಾರೆ. ಆ ಬಯಲಿಗೆ ಈಗ ‘ವಿಗಡ ವಿಕ್ರಮರಾಯ’ವನ್ನು ಬರೆದ ಸಂಸರ ಹೆಸರು ನಿಂತಿದೆ.

ಆ ಮೂರರಲ್ಲಿ ಎರಡು ನಾಟಕಗಳಲ್ಲಿ ನಮ್ಮ ಸೀಮೆಗೆ ಹಕ್ಕಿನ ಪಾಲುಂಟೆಂಬುದನ್ನು ಬೆಂಗಳೂರಿನವರು ಗಮನಿಸಿದರೋ ಇಲ್ಲವೋ ತಿಳಿಯದು. ‘ಸಂಕ್ರಾಂತಿ’ಯ ವಸ್ತು ಹನ್ನೆರಡನೆಯ ಶತಮಾನದ ಕಲ್ಯಾಣ, ಬಿಜ್ಜಳ ಬಸವಣ್ಣನವರ ಆ ಕಲ್ಯಾಣವು ಜಹೀರಾಬಾದಿನವರಿಗೆ ಪುರಾಣದ ಊರಲ್ಲ, ಹೆದ್ದಾರಿಯಲ್ಲಿ ಪಡುವಣಕ್ಕೆ ಹೋದರೆ ಸಿಕ್ಕುವ ನೆರೆಯೂರು. ‘ಜೋಕುಮಾರಸ್ವಾಮಿ’ಯ ರೂಪವು ಬಯಲಾಟದ್ದು, ಭಾಗವತನ ಮಾತು, ಹಿಮ್ಮೇಳದ ಹಾಡು, ಹಾಸ್ಯ, ಕುಣಿತ ಎಲ್ಲವೂ ಉತ್ತರದ ಹಳ್ಳಿಯ ಆಟದ ಅಟ್ಟದಿಂದ ಇಳಿದುಬಂದುವು. ಅಂತೂ ರಾಜಧಾನಿಯು ತನಗೆ ಬೇಕಾದ ಹೊಸತನವನ್ನು ಹಳ್ಳಿಯ ಹಳತಿನಲ್ಲಿಯೇ ಹುಡುಕಿಕೊಂಡಿತು. ಅದು ಸಲ್ಲದೆಂದು ನಾನು ಹೇಳುವುದಿಲ್ಲ. ಆದರೆ ಅದೇ ಕಾಲದಲ್ಲಿ ಗಡಿಯ ಈಚೆಗಿನ ಹಳ್ಳಿಗಳಲ್ಲಿ ಆ ಅಟ್ಟಗಳೇ ಒಂದೊಂದಾಗಿ ಕಡಿಮೆಯಾಗುತ್ತಿದ್ದುವು.

ಆ ಅಟ್ಟಗಳ ಮೇಲಿನ ಬಯಲಾಟವಾದ ದೊಡ್ಡಾಟವನ್ನು ಕಂಡರಿಯದ ಕಿರಿಯರಿಗಾಗಿ ಅದರ ವಿಧಾನವನ್ನು ನಾಲ್ಕು ಮಾತಿನಲ್ಲಿ ತಿಳಿಸುವುದು ಯುಕ್ತ. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಊರವರು ಮಾಸ್ತರನೊಬ್ಬನನ್ನು ಕರೆಸಿ, ಅವನಿಗೆ ಊಟ ವಸತಿಗಳ ಏರ್ಪಾಡು ಮಾಡಿ, ತಿಂಗಳುಗಟ್ಟಲೆ ರಾತ್ರಿಯ ಹೊತ್ತು ತಾಲೀಮು ನಡೆಸುವರು. ಪ್ರತಿಯೊಬ್ಬ ಪಾತ್ರಧಾರಿಯೂ ತನ್ನ ಪಾಲಿನ ಪದ್ಯ ವಚನಗಳನ್ನು ಕೈಬರಹದ ವಹಿಯಿಂದ ಕಂಠಪಾಠ ಮಾಡಬೇಕು. ಜಾತ್ರೆಯ ರಾತ್ರಿ ಮರದ ಕಂಬ ಹಲಗೆಗಳಿಂದ ಆಳೆತ್ತರದ ಅಟ್ಟವನ್ನು ಕಟ್ಟಿ, ಮೊದಲು ಪಂಜಿನ, ಆಮೇಲಿನ ಕಾಲಕ್ಕೆ ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಗಣಸ್ತುತಿಯೊಡನೆ ಆರಂಭಿಸಿದರೆ, ಕಿರೀಟ ಭುಜಕೀರ್ತಿಗಳ ವೀರರು ಹಲಗೆ ನಡುಗುವಂತೆ ಕುಣಿದು, ಸಾರಥಿಯ ಪ್ರಶ್ನೆಗಳಿಗೆ ತಮ್ಮ ಕುಲ ಪರಾಕ್ರಮಗಳನ್ನು ಬಿತ್ತರಿಸಿ, ಸೂರ್ಯೋದಯಕ್ಕೆ ಮಂಗಳ ಹಾಡುವರು. ಸಭಿಕರು ನಡುವೆ ಎದ್ದು ಹೋಗುವರು, ಚಹಾ ಕುಡಿದು ಬರುವರು, ಮಗುವನ್ನು ಮಲಗಿಸುವರು, ಮೆಚ್ಚಿದ ವೇಷಕ್ಕೆ ಆಹೇರಿ ಕೊಡುವರು. ಇದನ್ನು ರವೀಂದ್ರ ಭಾರತಿಯ ಮೆತ್ತನೆಯ ಆಸನಗಳ ಎದುರಿಗೆ, ಸಂಜೆಯ ಎರಡು ಗಂಟೆಗಳ ಅವಧಿಗೆ ಮೊಟಕುಗೊಳಿಸಿ ತಂದರೆ ಉಳಿಯುವುದು ವೇಷ ಮಾತ್ರ. ಮೊಹರಮ್ಮಿನ ಅಲಾವಿ ಕುಣಿತದ ಸುತ್ತ ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ಹಾಡುವ ಕನ್ನಡದ ರಿವಾಯತ ಪದಗಳಿಗೂ, ವೀರಭದ್ರನ ಪುರವಂತರ ಒಡಪಿಗೂ, ಏಕತಾರಿಯ ತತ್ತ್ವಪದಕ್ಕೂ ಇದೇ ಮಾತು ಸಲ್ಲುತ್ತದೆ. ಝರಾಸಂಗಮದ ಕೇತಕೀ ಸಂಗಮೇಶ್ವರನ ಶಿವರಾತ್ರಿಗೆ ಗಡಿಯ ಎರಡು ಕಡೆಗಳಿಂದಲೂ ಜನ ಬರುವರಷ್ಟೆ. ಆ ಜನಕ್ಕೆ ರಂಗಮಂದಿರದ ಆಹ್ವಾನಪತ್ರಿಕೆ ಬೇಕಾಗಿಲ್ಲ.

ಹೀಗೆಂದ ಮಾತ್ರಕ್ಕೆ ಮಹಾನಗರದ ಮಂದಿರಗಳು ವ್ಯರ್ಥವೆಂಬ ಕೆಲವರ ವಾದವನ್ನು ನಾನು ಒಪ್ಪಲಾರೆ. ವೀಣೆಯ ಸೂಕ್ಷ್ಮ ಗಮಕಕ್ಕೆ, ನರ್ತಕಿಯ ಕಣ್ಣಿನ ಅಭಿನಯಕ್ಕೆ, ಹೊಸ ನಾಟಕದ ಪಿಸುಮಾತಿಗೆ ಗೋಡೆಯೂ ಮೌನವೂ ಬೇಕೇ ಬೇಕು. ವಿಚಾರಿಸಬೇಕಾದುದು, ರಾಜಧಾನಿಯ ಮಾದರಿಯನ್ನೇ ಚಿಕ್ಕದಾಗಿಸಿ ಜಿಲ್ಲೆಜಿಲ್ಲೆಗೂ ಹಂಚುವ ಪದ್ಧತಿಯನ್ನು. ಕಲಬುರಗಿಯಲ್ಲಿ ಚಿತ್ರಕಲಾವಿದ ಎಸ್. ಎಂ. ಪಂಡಿತರ ಹೆಸರಿನಲ್ಲಿ, ಬೀದರದಲ್ಲಿ ಅದೇ ಪಟ್ಟದ್ದೇವರ ಹೆಸರಿನಲ್ಲಿ ರಂಗಮಂದಿರಗಳು ಎದ್ದುವು. ಕಲಬುರಗಿಗೆ ರಂಗಾಯಣವೂ ಬಂದಿತು. ಇವು ನಮ್ಮ ಹಳೆಯ ಮಾತೃಜಿಲ್ಲೆಗಳ ಮಂದಿರಗಳು. ಜಹೀರಾಬಾದಿನಿಂದ ಬೀದರಕ್ಕೆ ಮೂವತ್ತು ಕಿಲೋಮೀಟರು ಮಾತ್ರ. ನಮ್ಮವರು ಅಲ್ಲಿಗೆ ಹೋಗಿ ನಾಟಕ ನೋಡುವುದಕ್ಕೆ ಅಡ್ಡಿಯಿಲ್ಲ. ಆದರೆ ಅನುದಾನ, ಪ್ರಶಸ್ತಿ, ಮಾಸಾಶನಗಳ ಮಾತು ಬಂದಾಗ ಗೆರೆ ಅಡ್ಡ ಬರುತ್ತದೆ: ಕರ್ನಾಟಕದ ಅಕಾಡೆಮಿಗೆ ನಮ್ಮ ಕಲಾವಿದನು ಹೊರನಾಡಿನವನು, ಇಲ್ಲಿಯ ಭಾಷಾ ಸಾಂಸ್ಕೃತಿಕ ಶಾಖೆಗೆ ಈತನ ಕಲೆ ಹೊರನುಡಿಯದು.

2014ರ ಜೂನ್ 2ರಂದು ತೆಲಂಗಾಣವು ಪ್ರತ್ಯೇಕ ರಾಜ್ಯವಾಯಿತು; 2016ರಲ್ಲಿ ಜಿಲ್ಲೆಗಳನ್ನು ಮರುವಿಂಗಡಿಸಿದಾಗ ಜಹೀರಾಬಾದು, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ, ತಾಂಡೂರು ವಿಕಾರಾಬಾದು ಜಿಲ್ಲೆಗೂ ಸೇರಿದುವು. ಹೊಸ ರಾಜ್ಯವು ಒಗ್ಗುಕಥೆ, ಪೇರಿಣಿ ಮುಂತಾದ ತನ್ನ ದೇಶೀಯ ಕಲೆಗಳಿಗೆ ರವೀಂದ್ರ ಭಾರತಿಯಲ್ಲಿ ಮನ್ನಣೆಯನ್ನು ಕೊಡುತ್ತಿರುವುದು ಶ್ಲಾಘ್ಯ. ಅದೇ ನ್ಯಾಯದಿಂದ ತೆಲಂಗಾಣದ ನೆಲದಲ್ಲಿಯೇ ಹುಟ್ಟಿ ಬೆಳೆದ ಕನ್ನಡದ ದೊಡ್ಡಾಟವೂ ತೆಲಂಗಾಣದ ದೇಶೀಯ ಕಲೆಯೇ ಎಂದು ವಾದಿಸಬಹುದು, ವಾದಿಸಬೇಕಾದವರು ನಾವು. ಮಂಜೀರಾ ನದಿಯ ನೀರನ್ನು ಕುಡಿದ, ತಾಂಡೂರಿನ ಪರಸಿ ಕಲ್ಲನ್ನು ಮನೆಮನೆಗೂ ಹಾಸಿಕೊಂಡ ಮಹಾನಗರವು ಈ ನೆಲದ ಪದವನ್ನೂ ಕೇಳಲಿ ಎಂದರೆ ಅತಿಯಾಸೆಯಾಗದು.

ನಮ್ಮ ಮೂರು ಪಟ್ಟಣಗಳಲ್ಲಿ ಎಂದಾದರೂ ಒಂದು ರಂಗಮಂದಿರ ಆಗುವುದಾದರೆ, ಅದರ ನಕ್ಷೆ ಹಿಡಿದವರು ರವೀಂದ್ರ ಭಾರತಿಯ ಸಭಾಂಗಣವನ್ನು ನೋಡುವ ಮೊದಲು ಸಂಸ ಬಯಲನ್ನೂ, ಅದಕ್ಕೂ ಮೊದಲು ಜಾತ್ರೆಯ ಅಟ್ಟವನ್ನೂ ನೋಡಿಬರುವುದು ಒಳಿತು. ಮೂರು ಕಡೆ ತೆರೆದ, ಕುಣಿತದ ಸದ್ದು ಕೇಳುವ ಮರದ ಹಲಗೆಯ ಎತ್ತರದ ರಂಗ. ನೆಲದ ಮೇಲೆ ಕುಟುಂಬಸಮೇತ ಕುಳಿತುಕೊಳ್ಳಲು ಹಾಸುಗಲ್ಲಿನ ವಿಶಾಲ ಅಂಗಳ. ಬೆಳಗಿನವರೆಗೆ ಆಟವಾಡಲು ಅನುಮತಿ. ಮಾಸ್ತರರ ಮನೆಗಳ ಅಟ್ಟದಲ್ಲಿ ಗೆದ್ದಲು ಹಿಡಿಯುತ್ತಿರುವ ವಹಿಗಳನ್ನು ಪ್ರತಿಮಾಡಿ ಇರಿಸಲು ಒಂದು ಬೀಗವಿರುವ ಕೋಣೆ. ವೆಚ್ಚದ ದೃಷ್ಟಿಯಿಂದಲೂ ಇದು ಮೆತ್ತನೆಯ ಕುರ್ಚಿಗಳ ಮಂದಿರಕ್ಕಿಂತ ಅಗ್ಗವೇ. ಅದಕ್ಕೆ ಯಾರ ಹೆಸರನ್ನಿಡಬೇಕೆಂಬ ಚರ್ಚೆಯನ್ನು, ಕಟ್ಟಿ ಮುಗಿಸಿದ ಬಳಿಕ ಬೇಕಾದಷ್ಟು ವರ್ಷ ಮಾಡಿಕೊಳ್ಳಬಹುದು.