ದಖ್ಖಣದ ಭೂಕಂಪಗಳೂ ಕಾಳೀ ಕಣಿವೆಯೂ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳನ್ನೊಳಗೊಂಡ ದಕ್ಷಿಣ ಪ್ರಸ್ಥಭೂಮಿಯು ಅಚಲವೆಂಬ ಭಾವನೆ ವಿದ್ವಾಂಸರಲ್ಲಿಯೂ ಬಹುಕಾಲ ಬೇರೂರಿತ್ತು. 1962ರಿಂದ ನೀರು ತುಂಬತೊಡಗಿದ ಮಹಾರಾಷ್ಟ್ರದ ಕೊಯ್ನಾ ಜಲಾಶಯದ ಬಳಿ 1967ರ ಡಿಸೆಂಬರ್ 11ರಂದು ಸಂಭವಿಸಿದ ಭೂಕಂಪವು ಅದನ್ನು ಸಡಿಲಿಸಿತು. ಜಲಾಶಯದ ನೀರು ಶಿಲೆಯ ಬಿರುಕುಗಳಿಗಿಳಿದು ಒತ್ತಡವನ್ನು ಹೆಚ್ಚಿಸಿದುದೇ ಇದಕ್ಕೆ ಪ್ರೇರಕವೆಂಬುದು ಬಹುಮಾನ್ಯ ಅಭಿಪ್ರಾಯ. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿ ಪರಿಸರದಲ್ಲಿ ಸುಮಾರು 10,000 ಮಂದಿ ಮಡಿದರು. ಆ ಪ್ರದೇಶವು ಅಂದಿನ ನಕ್ಷೆಯಲ್ಲಿ ಅತ್ಯಲ್ಪ ಅಪಾಯದ ವಲಯಕ್ಕೆ ಸೇರಿತ್ತು.

2002ರ ನಕ್ಷೆಯು ಕಾರವಾರ, ಧಾರವಾಡಗಳನ್ನು ಮಧ್ಯಮ ಅಪಾಯದ ಮೂರನೆಯ ವಲಯದಲ್ಲಿರಿಸಿತು. ಜೋಯಿಡಾ ತಾಲ್ಲೂಕಿನಲ್ಲಿ ಕಾಳೀನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. ಆದುದರಿಂದ ದೀರ್ಘಕಾಲದ ಮೌನವನ್ನು ಅಭಯವೆಂದೆಣಿಸದೆ, ಇಲ್ಲಿನ ಕಿರುಕಂಪನಗಳನ್ನೂ ದಾಖಲಿಸಿಡುವುದು ಇತಿಹಾಸಕಾರನ ಕರ್ತವ್ಯವೂ ಆಗಿದೆ.